ಕಿವಿ ಸ್ಕ್ಯಾನ್ ನಾರ್ಮಲ್, ಆದ್ರೂ ಕೇಳಿಸಲ್ಲ: ಅನುಭವ ಇದ್ದವರು ಹೇಳಿ

ಶಿರಸಿ: ನಮ್ಮ ಆಯಿಗೆ ಎಡಗಿವಿ ಮಂದ. ಎಚ್‌ಆರ್‌ಸಿಟಿ (ತೆಳು ಕಟ್‌ಗಳ ಸಿಟಿ ಸ್ಕ್ಯಾನ್) ಮಾಡಿಸಿದೆವು. ಮಧ್ಯಕಿವಿ ನಾರ್ಮಲ್ ಅಂತ ವರದಿ. ಆಡಿಯೋಗ್ರಾಂನಲ್ಲಿ (ಕೇಳಿಸೋ ಪರೀಕ್ಷೆ) ಮಾತ್ರ ಏರ್-ಬೋನ್ ಗ್ಯಾಪ್ ಇದೆ, ಅಂದ್ರೆ ಮೂಳೆ ಮೂಲಕ ಕೇಳಿಸುವಷ್ಟು ಗಾಳಿ ಮೂಲಕ ಕೇಳಿಸಲ್ಲ. ಹುಬ್ಬಳ್ಳಿಯಲ್ಲಿ ಮತ್ತೆ ಸಿಟಿ ಮಾಡಿಸಬೇಕಾ, ಎಂಆರ್‌ಐ ಮಾಡಿಸಬೇಕಾ?

ಕುಮಟಾ: ಎಂಆರ್‌ಐ ಹೆಸರೇ ಎತ್ತಬೇಡಿ. ನನಗೆ ಮೊದಲು ಅದನ್ನೇ ಬರೆದುಕೊಟ್ಟರು. 7,500 ಹೋಯ್ತು. ಅದರಲ್ಲಿ ಗಾಳಿಯೂ ಕಪ್ಪು, ಮೂಳೆಯೂ ಕಪ್ಪು, ಕಿವಿಯ ಮೂಳೆ ಬೇರೆಯಾಗಿ ಕಾಣಲ್ಲ. ಆಮೇಲೆ ಸಿಟಿ, 3,800. ಕಿವಿಗೆ ಅಂತ ಹೋದರೆ ತಲೆಯದ್ದು ತೆಗೆದರು, 5 ಮಿ.ಮೀ. ದಪ್ಪದ ಕಟ್. ಮಧ್ಯಕಿವಿಯ ಪುಟ್ಟ ಮೂಳೆ ಸ್ಟೇಪ್ಸ್ ಇರೋದೇ ಸುಮಾರು 3 ಮಿ.ಮೀ.! ಮಣಿಪಾಲದಲ್ಲಿ ಮತ್ತೆ 4,200, ಕಾರಿಗೆ 5,500. ಹಳೇ ಸೆಂಟರಿನವರು ಸಿಡಿಗೆ ಬೇರೆ 200 ಕಿತ್ತಿದ್ದರು.

ಕಾರವಾರ: ನಿಮಗೆ ದಂಡ ಆಯ್ತು ಅಂತ ಎಲ್ಲರಿಗೂ ಬೇಡ ಅನ್ನಬೇಡಿ ಮಾರಾಯ್ರೇ. ನಮ್ಮ ಮನೆಯವರಿಗೆ ಕೊಲೆಸ್ಟಿಯಟೋಮಾ (ಮಧ್ಯಕಿವಿಯಲ್ಲಿ ಚರ್ಮ ಬೆಳೆದು ಮೂಳೆ ಸವೆಸೋ ರೋಗ) ಆಪರೇಷನ್ ಆಗಿತ್ತು. ಆಮೇಲಿನ ಸಿಟಿಯಲ್ಲಿ ಬರೀ ಬೂದು. ಗಾಯದ ಮಾಂಸವೋ, ರೋಗ ಮರಳಿದ್ದೋ ಹೇಳೋಕಾಗಲಿಲ್ಲ. ಡಿಫ್ಯೂಷನ್ ಅನ್ನೋ ಬಗೆಯ ಎಂಆರ್‌ಐಯಲ್ಲೇ ಬಿಳಿ ಚುಕ್ಕೆ ಸಿಕ್ಕಿದ್ದು, ಅಂದ್ರೆ ರೋಗ ಮರಳಿತ್ತು.

ಕುಮಟಾ: ಅವರ ಆಯಿಗೆ ಆಪರೇಷನ್ ಆಗಿದೆ ಅಂತ ಯಾರು ಹೇಳಿದ್ರು? ಪ್ರಶ್ನೆ ಓದಿ ಬರೀರಿ.

ಕಾರವಾರ: ಅವರು ನಿಮ್ಮ ಸಿಡಿ ಲೆಕ್ಕ ಕೇಳಿದ್ರಾ?

ಹೊನ್ನಾವರ: ನಂದೂ ನಾರ್ಮಲ್ ವರದಿಯೇ. ಡಾಕ್ಟರು ಕಂಪ್ಯೂಟರ್ ಪರದೆ ಮೇಲೆ ಮಧ್ಯಕಿವಿಯ ಇನ್ನೆರಡು ಮೂಳೆ ತೋರಿಸಿದರು: ಮ್ಯಾಲಿಯಸ್ ತಲೆ ಐಸ್‌ಕ್ರೀಂ ಉಂಡೆ, ಇನ್ಕಸ್ ಅದರ ಕೋನ್. ಎರಡೂ ತಮ್ಮ ಜಾಗದಲ್ಲೇ ಇದ್ದವು. ಪಕ್ಕದ ಮೂಳೆಯಂಚು ಸ್ಕ್ಯೂಟಮ್, ಅದರ ತುದಿ ಚೂಪಾಗಿತ್ತು, ಸವೆದಿರಲಿಲ್ಲ. ಸುತ್ತ ಕಪ್ಪು ಗಾಳಿ. ಎಲ್ಲ ಸರಿ, ಕೇಳಿಸೋದೊಂದು ಬಿಟ್ಟು! ಕೊನೆಗೆ ನೋಡಿದರೆ ಓಟೋಸ್ಕ್ಲೆರೋಸಿಸ್. ಅಂದ್ರೆ ಮೂಳೆ ಬೆಳೆದು ಸ್ಟೇಪ್ಸ್ ಬುಡ ಬಿಗಿದುಕೊಂಡಿತ್ತು. ಶುರುವಿನಲ್ಲಿ ಅದು ಸಿಟಿಗೆ ಸಿಗದೇ ಇರಬಹುದು. ಮೂಳೆಯ ಆಕಾರ ಕಾಣುತ್ತೆ, ಅದು ಅಲುಗಾಡುತ್ತಾ ಇಲ್ವಾ ಅನ್ನೋದು ಕಾಣಲ್ಲ. ಆಪರೇಷನ್ ಮಾಡಿಸಿ ಸ್ಟೇಪ್ಸ್ ಬದಲು ಪಿಸ್ಟನ್ (ಪುಟ್ಟ ಕೃತಕ ಕಡ್ಡಿ) ಹಾಕಿಸಿಕೊಂಡೆ. 62,000 ಆಯ್ತು. ಈಗ ಗದ್ದೆಯಾಚೆಯ ಆಟದ ಚಂಡೆಯೂ ಕೇಳಿಸುತ್ತೆ.

ಅಂಕೋಲಾ: ಕುಮಟಾದಿಂದ ಕಾರಿಗೆ 5,500 ಯಾಕೆ ಕೊಟ್ರಿ? ಉಡುಪಿವರೆಗೆ ರೈಲಿಲ್ವಾ?

ಕುಮಟಾ: ಮಳೆಗಾಲದ ಟೈಮ್‌ಟೇಬಲ್ ನೋಡಿದೀರಾ? ತಲೆ ಸುತ್ತಿ ವಾಂತಿ ಬರೋವಾಗ ಪ್ಲಾಟ್‌ಫಾರ್ಮಲ್ಲಿ ಕೂತು ನೋಡಿ ಒಮ್ಮೆ.

ಶಿರಸಿ: ಟಿಂಪನೋಮೆಟ್ರಿ (ಗಾಳಿಯ ಒತ್ತಡ ಕೊಟ್ಟು ಕಿವಿ ತಮಟೆ ಅಲುಗಾಟ ನೋಡೋದು) ಮಾಡಿಸಿಲ್ಲ ನಾವು. ಅದು ಬೇಕಾ?

ಹೊನ್ನಾವರ: ಮೊದಲು ಅದೇ ಮಾಡಿಸಿ. ಸ್ಕ್ಯಾನ್ ಫೈಲು ಜೊತೆಗೆ ಒಯ್ಯಿರಿ, ಬರೀ ವರದಿ ಸಾಲಲ್ಲ. ಕಿವಿ ಆಪರೇಷನ್ ಮಾಡೋ ಡಾಕ್ಟರಿಗೆ ತೋರಿಸಿ.

ಅಂಕೋಲಾ: ಗೋವಾಕ್ಕೆ ಹೋಗಿ ಅನ್ನಿ, ಬಾಂಬೋಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಕಾರವಾರ: ಯಾವ ಕಾಲದಲ್ಲಿದ್ದೀರಿ? 2018ರಿಂದ ಹೊರ ರಾಜ್ಯದವರಿಗೆ ಅಲ್ಲಿ ಶುಲ್ಕ ಇದೆ. ಗೊತ್ತಿಲ್ದೆ ಸುಮ್ನೆ ಹೇಳ್ಬೇಡಿ.