ಏರ್ ಪಿಸ್ತೂಲಿನ ಏಟು ಸರಣಿಯ ಕೊನೆಗೆ ಕೆಳಗಿಳಿಯುತ್ತಿದೆ. ಕಾಡತೂಸು ಮನೆಯಲ್ಲೇ ತುಂಬಿಕೊಳ್ಳುವುದು ಲೇಸೇ?

ಪ್ರಶ್ನೆ (ಗೋಕುಲ ರಸ್ತೆ, ಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ 10 ಮೀಟರ್ ಏರ್ ಪಿಸ್ತೂಲಿನ ಅಭ್ಯಾಸ ಮಾಡುತ್ತಿದ್ದೇನೆ. ಪಿಸ್ತೂಲು ಇನ್ನೊಬ್ಬರು ಬಳಸಿದ್ದು. ಸಿಲಿಂಡರಿನಲ್ಲಿ ಗಾಳಿ ತುಂಬಿಕೊಂಡು ಹೊಡೆಯುವ ಜರ್ಮನ್ ತಯಾರಿಕೆ. ನಮ್ಮ ಹಳೆಯ ಮನೆಯ ಪಡಸಾಲೆಯಿಂದ ಹಿತ್ತಲ ಬಾಗಿಲಿನವರೆಗೆ ಸರಿಯಾಗಿ 10 ಮೀಟರ್ ಸಿಗುವುದರಿಂದ ಅಲ್ಲಿಯೇ ಗುರಿಹಾಳೆ ಕಟ್ಟಿದ್ದೇನೆ. ಹಿಂದೆ ದಪ್ಪ ಕಬ್ಬಿಣದ ಪೆಟ್ಟಿಗೆ ಇದೆ, ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿರುತ್ತೇನೆ.

ತೊಂದರೆ ಏನೆಂದರೆ, ಮಳೆಗಾಲ ಹಿಡಿದ ಮೇಲೆ ಏಟುಗಳು ಚದರತೊಡಗಿವೆ. ಮೊದಲ ಮೂರು-ನಾಲ್ಕು ಸರಣಿ (ಸರಣಿಗೆ ಹತ್ತು ಏಟು) ಚೆನ್ನಾಗಿಯೇ ಹೋಗುತ್ತವೆ, ಆಮೇಲೆ ಹತ್ತು ಅಂಕದ ಬದಲು ಒಂಬತ್ತು, ಎಂಟು, ನಡುವೆ ಕಾರಣವಿಲ್ಲದೆ ಒಂದು ಆರು. ಪೆಲೆಟ್ಟಿನ (ಸೀಸದ ಪುಟ್ಟ ಗುಂಡಿನ) ಡಬ್ಬಿ ಬದಲಿಸಿದರೂ ಅದೇ ಕಥೆ. ಬೇಸತ್ತು ಮದ್ದಿನ ಕಾಡತೂಸು ಹಾಕುವ .22 ಪಿಸ್ತೂಲಿಗೆ ಹೋಗಿಬಿಡೋಣ ಎನ್ನಿಸಿದೆ. ಹೊರದೇಶದವರು ಖಾಲಿ ಕೋಶಗಳನ್ನು ಮನೆಯಲ್ಲೇ ಮರುಭರ್ತಿ ಮಾಡಿಕೊಂಡು ಖರ್ಚನ್ನೂ ಉಳಿಸಿ, ಒಂದೇ ಸಮನಾದ ಕಾಡತೂಸನ್ನೂ ಪಡೆಯುತ್ತಾರೆಂದು ಕೇಳಿದ್ದೇನೆ. ಆ ದಾರಿ ನಮಗೂ ಇದೆಯೇ? ಅಥವಾ ಈ ಪಿಸ್ತೂಲನ್ನೇ ಸರಿಪಡಿಸಬಹುದೇ?

ಉತ್ತರ (ಸಪ್ತಾಪುರ, ಧಾರವಾಡ)

ಮರುಭರ್ತಿಯ ವಿಷಯವನ್ನು ಮೊದಲು ಮುಗಿಸಿಬಿಡೋಣ. .22 ಕಾಡತೂಸಿಗೆ ನಡುವೆ ಕೂರಿಸುವ ಪ್ರೈಮರ್ (ಮದ್ದನ್ನು ಹೊತ್ತಿಸುವ ಪುಟ್ಟ ಬಿಲ್ಲೆ) ಇರುವುದಿಲ್ಲ. ಹೊತ್ತಿಸುವ ಮಿಶ್ರಣವನ್ನು ಕಾರ್ಖಾನೆಯಲ್ಲಿ ಕೋಶದ ಅಂಚಿನ ಮಡಿಕೆಯೊಳಗೆ ಹರಡಿರುತ್ತಾರೆ, ಹೊಡೆದಾಗ ಆ ಅಂಚೇ ಜಜ್ಜಿಹೋಗುತ್ತದೆ. ಆದ್ದರಿಂದ ಅದು ಒಂದು ಸಲ ಬಳಸಿ ಎಸೆಯುವ ವಸ್ತು. ನೀವು ಕೇಳಿರುವುದು ದೊಡ್ಡ ಅಳತೆಯ ಕಾಡತೂಸುಗಳ ಮಾತು, ಅದೂ ಅಮೆರಿಕದಂಥ ಕಡೆಯದು. ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೆಯ ಕಲಮಿನಂತೆ ಮದ್ದುಗುಂಡು ತಯಾರಿಸುವುದಕ್ಕೆ ಪರವಾನಗಿ ಬೇಕು. ಆ ಕಾಯ್ದೆಯ ವ್ಯಾಖ್ಯೆಯಲ್ಲಿ ಮದ್ದುಗುಂಡಿನ ಬಿಡಿಭಾಗಗಳೂ ಅದನ್ನು ತಯಾರಿಸುವ ಯಂತ್ರಗಳೂ ಮದ್ದುಗುಂಡೇ ಆಗುತ್ತವೆ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ 7 ವರ್ಷಕ್ಕೆ ಕಡಿಮೆಯಿಲ್ಲದ, ಜೀವಾವಧಿಯವರೆಗೂ ಹೋಗಬಹುದಾದ ಶಿಕ್ಷೆ ಇದೆ. ನಾಲ್ಕು ಕಾಸು ಉಳಿಸಲು ಹೋಗಿ ಹೀಗೆ ಸಿಕ್ಕಿಕೊಳ್ಳುವುದು ಬೇಡ. .22 ಹೊಡೆಯುವ ಆಸೆಯಿದ್ದರೆ ಕ್ಲಬ್ಬಿನ ಮೂಲಕ ಹೋಗಿ, ಅಲ್ಲಿಯ ಆಯುಧ, ಅಲ್ಲಿಯ ಕಾಡತೂಸು.

ಆದರೆ ಮರುಭರ್ತಿ ಮಾಡುವವರಿಂದ ಒಂದು ಗುಣ ಕಲಿಯಬೇಕು: ಅವರು ಒಮ್ಮೆಗೆ ಒಂದನ್ನೇ ಬದಲಿಸುತ್ತಾರೆ, ಬದಲಿಸಿದ್ದನ್ನು ಬರೆದಿಡುತ್ತಾರೆ. ನೀವು ಡಬ್ಬಿ ಬದಲಿಸಿದಿರಿ, ಬಹುಶಃ ಅದೇ ದಿನ ಹಿಡಿಕೆಯನ್ನೂ ಗುರಿ ನೋಡುವ ದೃಷ್ಟಿಪಟ್ಟಿಯನ್ನೂ ತಿರುಗಿಸಿದಿರಿ. ಮೊದಲು ಕೈಯನ್ನು ಲೆಕ್ಕದಿಂದ ತೆಗೆಯಿರಿ. ದಪ್ಪ ಬಟ್ಟೆಯ ಚಿಕ್ಕ ಚೀಲಕ್ಕೆ ಮುಕ್ಕಾಲು ಭಾಗ ಜೋಳ ತುಂಬಿ ಹೊಲಿದು, ಅದರ ಮೇಲೆ ಹಿಡಿಕೆಯ ಮುಂಭಾಗವನ್ನು ಆನಿಸಿ ಹೊಡೆಯಿರಿ. ನಳಿಕೆಯನ್ನು ಮಾತ್ರ ಯಾವುದಕ್ಕೂ ತಾಗಿಸಬೇಡಿ. ಸರಣಿಗೊಂದು ಹೊಸ ಹಾಳೆ ಹಾಕಿ, ಪ್ರತಿ ಹಾಳೆಯ ಮೂಲೆಯಲ್ಲಿ ಸಿಲಿಂಡರಿನ ಗೇಜು ತೋರಿಸುವ ಒತ್ತಡವನ್ನು ಬರೆಯಿರಿ. ಏಟುಗಳು ಸುತ್ತಲೂ ಚದರುತ್ತವೆಯೋ, ಮೇಲಿಂದ ಕೆಳಗೆ ಸಾಲಾಗಿ ಇಳಿಯುತ್ತವೆಯೋ ಎಂಬುದನ್ನು ತಿಳಿಸಿ.

ಉತ್ತರ (ಗದಗ)

ನನ್ನ ಅನುಭವದಲ್ಲಿ ಮಳೆಗಾಲದಲ್ಲಿ ಕವಾಟದ ರಬ್ಬರು ಬಿಗಿಯಾಗುತ್ತದೆ. ಗಾಳಿ ತುಂಬುವ ಬಾಯಿಗೆ ಎರಡು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ನೋಡಿ.

ಉತ್ತರ (ಸಪ್ತಾಪುರ, ಧಾರವಾಡ)

ಸರ್, ದಯವಿಟ್ಟು ಈ ಸಲಹೆಯನ್ನು ಹಿಂತೆಗೆದುಕೊಳ್ಳಿ. ಗಾಳಿಯನ್ನು ಒಮ್ಮೆಲೇ 200 ಬಾರ್‌ವರೆಗೆ (ಬಾರ್ ಎಂದರೆ ಒತ್ತಡದ ಅಳತೆ) ಒತ್ತಿದರೆ ಅದು ಬಿಸಿಯಾಗುತ್ತದೆ. ಆ ಬಿಸಿಯಲ್ಲಿ ಖನಿಜ ಎಣ್ಣೆಯ ಆವಿ ಡೀಸೆಲ್ ಎಂಜಿನ್ನಿನಲ್ಲಿ ಹೊತ್ತಿಕೊಳ್ಳುವಂತೆಯೇ ಹೊತ್ತಿಕೊಳ್ಳಬಲ್ಲದು. ಕೈಯಲ್ಲಿ ಹಿಡಿದ ಸಿಲಿಂಡರಿನಲ್ಲಿ ಹಾಗಾದರೆ ಏನಾಗುತ್ತದೆಂದು ಊಹಿಸಿಕೊಳ್ಳಿ. ರಬ್ಬರಿನ ಉಂಗುರಕ್ಕೆ ತಯಾರಕರು ಹೇಳಿದ ಸಿಲಿಕೋನ್ ಗ್ರೀಸನ್ನು ಬೆರಳ ತುದಿಯಷ್ಟು ಸವರಬಹುದು, ಅದಕ್ಕಿಂತ ಹೆಚ್ಚಿನದು ಏನೂ ಬೇಡ.

ಪ್ರಶ್ನೆ ಕೇಳಿದವರು

ಎಣ್ಣೆ ಬಿಟ್ಟಿಲ್ಲ, ಎಚ್ಚರಿಸಿದ್ದಕ್ಕೆ ಋಣಿ. ಜೋಳದ ಚೀಲದ ಮೇಲಿಟ್ಟು ಎರಡು ಸಂಜೆ ಹೊಡೆದೆ. ಹಾಳೆಗಳನ್ನು ಸಾಲಾಗಿ ಹಾಸಿ ನೋಡಿದಾಗ ನನಗೇ ನಾಚಿಕೆಯಾಯಿತು. ಗೇಜು 120 ಬಾರ್ ತೋರಿಸುವಾಗ ಹತ್ತೂ ಏಟು ಹೆಚ್ಚುಕಡಿಮೆ ಒಂದೇ ತೂತಿನಲ್ಲಿವೆ. 70ರ ಕೆಳಗೆ ಇಳಿದ ಮೇಲೆ ಒಂದೊಂದೇ ಏಟು ಕೆಳಕ್ಕೆ ಜಾರುತ್ತ, 55ರ ಹೊತ್ತಿಗೆ ಪೂರ್ತಿ ಒಂಬತ್ತರ ಉಂಗುರಕ್ಕೆ ಬಂದಿವೆ. ಮಳೆಗಾಲಕ್ಕಿಂತ ಮೊದಲು ಕ್ಲಬ್ಬಿನಲ್ಲಿ 200 ಬಾರ್‌ಗೆ ತುಂಬಿಸಿಕೊಳ್ಳುತ್ತಿದ್ದೆ. ಈಗ ಮಳೆಯಲ್ಲಿ ಧಾರವಾಡಕ್ಕೆ ಓಡಾಡುವುದು ಬೇಡವೆಂದು ಕೈಪಂಪು ಕೊಂಡಿದ್ದೇನೆ. 120 ದಾಟಿದರೆ ನನ್ನ ತೋಳು ಒಪ್ಪುವುದಿಲ್ಲ.

ಜತೆಗೆ ಇನ್ನೊಂದು ಪ್ರಯೋಗ. ಪೆಲೆಟ್ಟುಗಳ ತೂಕದಲ್ಲೇ ವ್ಯತ್ಯಾಸವಿದೆಯೆಂಬ ಗುಮಾನಿಯಿಂದ ಡಬ್ಬಿಯನ್ನು ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಒಯ್ದೆ. "ಬಂಗಾರ ಬಿಟ್ಟು ಸೀಸ ತೂಗಸಾಕ ಬಂದೀರೇನ್ರಿ?" ಎಂದು ನಕ್ಕರು, ಆದರೂ ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿಯಲ್ಲಿ ಒಂದೊಂದಾಗಿ ನೂರನ್ನೂ ತೂಗಿಕೊಟ್ಟರು. ಎಲ್ಲವೂ 0.525ರಿಂದ 0.535 ಗ್ರಾಂ ಒಳಗೇ ಇವೆ. ಹಾಗಾದರೆ ನಡುನಡುವೆ ಬೀಳುವ ಆ ಆರು ಎಲ್ಲಿಂದ ಬಂತು?

ಉತ್ತರ (ಸಪ್ತಾಪುರ, ಧಾರವಾಡ)

ಅರ್ಧ ರೋಗ ಸಿಕ್ಕಿತು. ನಿಮ್ಮ ಪಿಸ್ತೂಲಿನೊಳಗೆ ಒತ್ತಡವನ್ನು ಒಂದೇ ಮಟ್ಟಕ್ಕೆ ಇಳಿಸಿಕೊಡುವ ರೆಗ್ಯುಲೇಟರ್ ಇದೆ. ಸಿಲಿಂಡರಿನ ಒತ್ತಡ ಆ ಮಟ್ಟಕ್ಕಿಂತ ಮೇಲಿರುವವರೆಗೆ ಪ್ರತಿ ಏಟಿಗೂ ಸಮನಾದ ಗಾಳಿ ಸಿಗುತ್ತದೆ. ಕೆಳಗಿಳಿದ ಮೇಲೆ ರೆಗ್ಯುಲೇಟರಿಗೆ ಮಾಡುವ ಕೆಲಸವೇ ಉಳಿಯುವುದಿಲ್ಲ, ವೇಗ ಏಟಿನಿಂದ ಏಟಿಗೆ ಕುಗ್ಗುತ್ತದೆ. ಲೆಕ್ಕ ಹಾಕಿ ನೋಡಿ: ಸೆಕೆಂಡಿಗೆ 150 ಮೀಟರ್ ವೇಗದ ಪೆಲೆಟ್ 10 ಮೀಟರ್ ಹೋಗುವಷ್ಟರಲ್ಲಿ ಸುಮಾರು 22 ಮಿ.ಮೀ. ಇಳಿಯುತ್ತದೆ, 130 ಮೀಟರ್ ವೇಗದ್ದು ಸುಮಾರು 29 ಮಿ.ಮೀ. ವ್ಯತ್ಯಾಸ 7 ಮಿ.ಮೀ. ಏರ್ ಪಿಸ್ತೂಲಿನ ಹಾಳೆಯಲ್ಲಿ ಒಂದು ಉಂಗುರದಿಂದ ಮುಂದಿನದಕ್ಕೆ ಇರುವುದೇ 8 ಮಿ.ಮೀ. ಹತ್ತು ಒಂಬತ್ತಾದದ್ದು ಹೀಗೆ. ಮರುಪೂರಣದ ಒತ್ತಡ ಎಷ್ಟೆಂದು ನಿಮ್ಮ ಕೈಪಿಡಿಯಲ್ಲಿ ಇರುತ್ತದೆ. ನೀವು 80ಕ್ಕೇ ನಿಲ್ಲಿಸುವ ರೂಢಿ ಇಟ್ಟುಕೊಳ್ಳಿ.

ಕೈಪಂಪಿನ ಬಗ್ಗೆ ಒಂದು ಮಾತು. ಧಾರವಾಡದ ಜಿಟಿಜಿಟಿ ಮಳೆಯ ಗಾಳಿಯಲ್ಲಿ ತೇವ ಬಹಳ, ಅದನ್ನು ಒತ್ತಿದಾಗ ನೀರು ಪಂಪಿನಲ್ಲೂ ಸಿಲಿಂಡರಿನಲ್ಲೂ ಕೂರುತ್ತದೆ. ಐವತ್ತು ಸಲ ಒತ್ತಿದ ಮೇಲೆ ಪಂಪು ಆರುವವರೆಗೆ ಕುಳಿತುಕೊಳ್ಳಿ, ಕೆಳಗಿನ ತಿರುಪಿನಿಂದ ತೇವವನ್ನು ಹೊರಬಿಡಿ, ಸಾಧ್ಯವಾದರೆ ತೇವ ಹೀರುವ ಫಿಲ್ಟರ್ ಹಾಕಿಸಿ. ಕ್ಲಬ್ಬಿನ ಒಣಗಾಳಿಯೇ ಮೇಲು ಎಂಬುದು ನನ್ನ ಅಭಿಪ್ರಾಯ.

ಇನ್ನು ಆ ಆರರ ವಿಚಾರ. ತೂಕದಲ್ಲಿ ಏನೂ ಇಲ್ಲವೆಂದರೆ ಆಕಾರವನ್ನು ನೋಡಬೇಕು. ಪೆಲೆಟ್ಟಿನ ಹಿಂಭಾಗ ತೆಳ್ಳಗಿನ ಲಂಗದಂತೆ ಇರುತ್ತದೆ. ಗಾಳಿ ಅದನ್ನು ಅಗಲಿಸಿಯೇ ನಳಿಕೆಯ ಗೋಡೆಗೆ ಒತ್ತುವುದು. ಬಿಳಿ ಬಟ್ಟೆಯ ಮೇಲೆ ಸುರಿದು, ಲಂಗದ ಬಾಯಿ ಮೇಲಾಗುವಂತೆ ನಿಲ್ಲಿಸಿ, ಭೂತಗನ್ನಡಿಯಲ್ಲಿ ನೋಡಿ. ಡಬ್ಬಿಯನ್ನು ಹೇಗೆ ಒಯ್ಯುತ್ತೀರಿ?

ಪ್ರಶ್ನೆ ಕೇಳಿದವರು

ಸ್ಕೂಟರಿನ ಡಿಕ್ಕಿಯಲ್ಲಿ, ಪಾನಾ ಮತ್ತು ಬೀಗದ ಸರಪಳಿಯ ಜತೆಗೆ. ಹಳೇ ಹುಬ್ಬಳ್ಳಿಯ ರಸ್ತೆಗಳ ವಿಷಯ ಹೇಳಬೇಕಿಲ್ಲ. ನೂರರಲ್ಲಿ 14 ಪೆಲೆಟ್ಟುಗಳ ಬಾಯಿ ದುಂಡಗಿಲ್ಲ. ಕೆಲವು ಮೊಟ್ಟೆಯಾಕಾರಕ್ಕೆ ಬಾಗಿವೆ, ಎರಡಕ್ಕೆ ಅಂಚಿನಲ್ಲಿ ಕಚ್ಚು ಬಿದ್ದಿದೆ. ಆ 14ನ್ನು ಬೇರೆ ಹಾಳೆಗೆ ಹೊಡೆದೆ: ಮೂರು ಏಳು, ಒಂದು ಆರು, ಉಳಿದವು ಎಂಟು-ಒಂಬತ್ತು. ದುಂಡಗಿದ್ದ ಹತ್ತನ್ನು 110 ಬಾರ್‌ನಲ್ಲಿ ಹೊಡೆದರೆ ಹತ್ತೂ ಹತ್ತರೊಳಗೆ. ಈಗ ಡಬ್ಬಿಯೊಳಗೆ ಸ್ಪಂಜಿನ ಬಿಲ್ಲೆ ಕತ್ತರಿಸಿ ಇಟ್ಟಿದ್ದೇನೆ, ಡಬ್ಬಿ ನನ್ನ ಅಂಗಿಯ ಕಿಸೆಯಲ್ಲಿ ಬರುತ್ತದೆ.

ಉತ್ತರ (ಸಪ್ತಾಪುರ, ಧಾರವಾಡ)

ಕಿಸೆ ಬೇಡ, ಸೀಸದ ಪುಡಿ ಬಟ್ಟೆಗೆ ಹತ್ತುತ್ತದೆ. ಚೀಲದಲ್ಲಿಡಿ, ಹೊಡೆದಾದ ಮೇಲೆ ಗಿರ್ಮಿಟ್ ತಿನ್ನುವ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಕೊನೆಯದಾಗಿ, ಬಳಸಿದ ಪಿಸ್ತೂಲು ಎಂದಿದ್ದೀರಿ. ಸಿಲಿಂಡರಿನ ಮೈಮೇಲೆ ತಿಂಗಳು-ವರ್ಷ ಅಚ್ಚೊತ್ತಿರುತ್ತದೆ. ಬಹುಪಾಲು ಜರ್ಮನ್ ತಯಾರಕರು ಅಂದಿನಿಂದ 10 ವರ್ಷಕ್ಕಷ್ಟೇ ಬಳಕೆಗೆ ಒಪ್ಪುತ್ತಾರೆ. ನೋಡಿ ತಿಳಿಸಿ.

ಪ್ರಶ್ನೆ ಕೇಳಿದವರು

ಈಗ ನೋಡಿದೆ: 2013. ಸಿಲಿಂಡರನ್ನು ಹಿತ್ತಲಲ್ಲಿ ನಿಧಾನವಾಗಿ ಖಾಲಿ ಮಾಡಿ ತೆಗೆದಿಟ್ಟಿದ್ದೇನೆ. ಹೊಸದು ಬರುವವರೆಗೆ ಕ್ಲಬ್ಬಿನ ಪಿಸ್ತೂಲಿನಲ್ಲಿಯೇ ಹೊಡೆಯುತ್ತೇನೆ.