ಅಡಕತ್ತರಿಯಲ್ಲಿ ಬಿಡಿಸಿಕೊಡುತ್ತಿದ್ದ ಆ ಪೆಪ್ಪರಮೆಂಟು ಯಾವುದು?

ತೀರ್ಥಹಳ್ಳಿಯವನು: ಕೊಪ್ಪದ ಬಸ್ಸಿಗೆ ಕಾಯುವಾಗ ಅಜ್ಜ ಗೂಡಂಗಡಿಯಲ್ಲಿ ಕೊಡಿಸುತ್ತಿದ್ದ ಪೆಪ್ಪರಮೆಂಟಿನ ಹೆಸರು ಮರೆತೇಹೋಗಿದೆ. ಕಂದು ಬಣ್ಣ, ನಾಣ್ಯದಂತೆ ಗುಂಡಗೆ, ಕಾಗದದ ಸುರುಳಿಯೊಳಗೆ ಒಂದರ ಮೇಲೊಂದು. ಬಾಯಿಗಿಟ್ಟರೆ ಕೋಲಾದ ರುಚಿ. ಆಷಾಢದ ಮಳೆ ಹಿಡಿಯಿತೆಂದರೆ ಮುಗಿಯಿತು, ಮೂರು ನಾಲ್ಕು ಒಟ್ಟಿಗೆ ಅಂಟಿಕೊಂಡು ಬರುತ್ತಿದ್ದವು. ಅಜ್ಜ ಕವಳದ ಸಂಚಿಯಿಂದ ಅಡಕತ್ತರಿ ತೆಗೆದು, ಸಂದಿಗೆ ಆನಿಸಿ, ಟಕ್ಕೆಂದು ಬಿಡಿಸಿಕೊಡುತ್ತಿದ್ದರು. ಹಾಗಾಗಿ ನನ್ನ ನೆನಪಿನ ಆ ರುಚಿಯಲ್ಲಿ ಒಂದಿಷ್ಟು ಹೊಗೆಸೊಪ್ಪಿನ ಘಾಟೂ ಇದೆ. (ಅಮ್ಮನಿಗೆ ಇಂದಿಗೂ ಗೊತ್ತಿಲ್ಲ.) ಯಾರಿಗಾದರೂ ಹೆಸರು ನೆನಪಿದೆಯೇ?

ಸಾಗರದವಳು: ಪಾಪಿನ್ಸ್ ಅಲ್ಲವೇ? ಮಾರಿ ಜಾತ್ರೆಯಲ್ಲಿ ನಾನು ಹಟ ಹಿಡಿಯುತ್ತಿದ್ದದ್ದು ಅದಕ್ಕೇ.

ರಿಪ್ಪನ್‌ಪೇಟೆ ಅಂಗಡಿ: ಅಲ್ಲ ತಂಗಿ, ಪಾಪಿನ್ಸ್ ಬಣ್ಣಬಣ್ಣದ್ದು, ಹಣ್ಣಿನ ರುಚಿ. ಇವರು ಕೇಳುತ್ತಿರುವುದು ರೋಲಾ ಕೋಲಾ. ಎರಡೂ ಪಾರ್ಲೆಯವರದೇ. 2006ರಲ್ಲಿ ಅದರ ತಯಾರಿಕೆ ನಿಲ್ಲಿಸಿದರು. 2019ರಲ್ಲಿ ಅಭಿಮಾನಿಯೊಬ್ಬರು, ಅದನ್ನು ಮತ್ತೆ ತರಲು ಏನು ಮಾಡಬೇಕೆಂದು ಟ್ವಿಟರ್‌ನಲ್ಲಿ ಕೇಳಿದರು. ಹತ್ತು ಸಾವಿರ ರೀಟ್ವೀಟ್ ಆಗಲಿ ನೋಡೋಣ ಎಂದರು ಕಂಪನಿಯವರು. ಆಯಿತು! ಅದೇ ವರ್ಷ ಮರಳಿ ಬಂತು.

ಅಂಟುವ ವಿಚಾರ ಬಿಡಿ ಮಾರಾಯರೆ, ಅದು ನಮ್ಮ ಅಂಗಡಿಯ ಹಳೆಯ ತಲೆನೋವು. ಸಕ್ಕರೆ ಪಾಕ ಕಾಸಿ ಗಟ್ಟಿ ಮಾಡಿದ ಯಾವುದೇ ಮಿಠಾಯಿ ಗಾಳಿಯ ತೇವವನ್ನು ಹೀರುತ್ತದೆ, ಮೊದಲು ಮೇಲ್ಮೈ ಜಿಗುಟಾಗುತ್ತದೆ. ಅಪ್ಪ ಭರಣಿಯ ತಳದಲ್ಲಿ ಹುರಿದ ಅಕ್ಕಿಯ ಗಂಟು ಇಡುತ್ತಿದ್ದರು. ಜುಲೈ ಹೊತ್ತಿಗೆ ಅಕ್ಕಿಯೇ ಮುಗ್ಗಲು ವಾಸನೆ ಹೊಡೆಯುತ್ತಿತ್ತು.

ಸಾಗರದವಳು: ಸರಿ, ಸೋತೆ. ನನ್ನ ನಾಲಿಗೆ ಕೆಂಪಾಗುತ್ತಿತ್ತು, ಹಾಗಾದರೆ ಅದು ಪಾಪಿನ್ಸೇ.

ತೀರ್ಥಹಳ್ಳಿಯವನು: ರೋಲಾ ಕೋಲಾ! ಹೆಸರು ಓದಿದ ಕೂಡಲೇ ಗೂಡಂಗಡಿಯ ಸೀಮೆಎಣ್ಣೆ ದೀಪವೂ ಕಣ್ಣೆದುರು ಬಂತು. ಬೆಂಗಳೂರಿನಲ್ಲಿರುವ ತಂಗಿಗೆ ಹೇಳಿ ತರಿಸಿದೆ. ರುಚಿ ಹೆಚ್ಚುಕಡಿಮೆ ಅದೇ, ಆದರೆ ಒಂದೊಂದೂ ಸಭ್ಯವಾಗಿ ಬೇರೆಬೇರೆ ಇವೆ. ಯಾಕೋ ಮನಸ್ಸಿಗೆ ಬರಲಿಲ್ಲ. ನಾಲ್ಕನ್ನು ಒಂದರ ಮೇಲೊಂದು ಪೇರಿಸಿ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟಿದ್ದೇನೆ. ನಿನ್ನೆಯಿಂದ ಮಳೆ ಬಿಟ್ಟಿಲ್ಲ. ಅಜ್ಜನ ಅಡಕತ್ತರಿ ಹುಡುಕಿ ಒರೆಸಿಟ್ಟಿದ್ದೇನೆ.