ಸೋರುವ ಕಿವಿಗೆ ಶಸ್ತ್ರಚಿಕಿತ್ಸೆ: ಮಾಡಿಸಿಕೊಂಡವರು ಅನುಭವ ತಿಳಿಸುವಿರಾ?

ಆರು ವರ್ಷಗಳಿಂದ ನನ್ನ ಎಡಗಿವಿ ಬಿಟ್ಟುಬಿಟ್ಟು ಸೋರುತ್ತಿದೆ. ಕಿವಿಯ ತಮಟೆಯಲ್ಲಿ ತೂತಿದೆ, ಶಸ್ತ್ರಚಿಕಿತ್ಸೆ ಬೇಕು ಎಂದು ವೈದ್ಯರು ಹೇಳಿದ್ದಾರೆ. ಕೇಳುವ ಶಕ್ತಿ ಮರಳುತ್ತದೆಯೇ, ಚೇತರಿಕೆ ಹೇಗಿರುತ್ತದೆ ಎಂಬುದನ್ನು ಅನುಭವಿಗಳು ತಿಳಿಸಬೇಕಾಗಿ ಕೋರಿಕೆ.

ಉತ್ತರ 1
ನನಗಿದ್ದದ್ದು ತಮಟೆಯ ನಡುಭಾಗದ ತೂತು. ಕಿವಿಯ ಹಿಂದೆ ಕೊಯ್ದು, ಅಲ್ಲಿಯ ಸ್ನಾಯುವಿನ ಮೇಲಿರುವ ತೆಳುಪೊರೆಯನ್ನು ತೆಗೆದು ತೂತಿಗೆ ತೇಪೆ ಹಾಕಿದರು. ಇದನ್ನೇ ಟಿಂಪನೋಪ್ಲಾಸ್ಟಿ ಎನ್ನುತ್ತಾರೆ. ಒಳಗೆ ತುಂಬಿದ ಸ್ಪಂಜು ಕರಗುವವರೆಗೆ ಮೊದಲಿಗಿಂತಲೂ ಕಡಿಮೆ ಕೇಳಿಸುತ್ತಿದ್ದುದರಿಂದ ನಾನು ಗಾಬರಿಗೊಂಡಿದ್ದೆ, ಆದರೆ ಮೂರು ತಿಂಗಳ ನಂತರದ ಆಡಿಯೋಗ್ರಾಮಿನಲ್ಲಿ (ಕೇಳುವ ಶಕ್ತಿಯ ಪರೀಕ್ಷೆಯಲ್ಲಿ) ಸುಧಾರಣೆ ಕಂಡಿತು. ಅಲ್ಲಿಯವರೆಗೆ ಕಿವಿಗೆ ನೀರು ತಾಗಿಸಲಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಿದೆ. ರುಚಿಯ ನರವೊಂದು ಮಧ್ಯಕಿವಿಯ ಮೂಲಕವೇ ಹಾದುಹೋಗುವುದರಿಂದ ಕೆಲವು ವಾರ ನಾಲಿಗೆಯ ಒಂದು ಬದಿಯಲ್ಲಿ ಲೋಹದ ರುಚಿಯಿತ್ತು. ಇದನ್ನು ಯಾರೂ ಮೊದಲೇ ಹೇಳಿರಲಿಲ್ಲ.

ಉತ್ತರ 2
ಮೇಲಿನವರ ಅನುಭವ ಎಲ್ಲರಿಗೂ ಅನ್ವಯಿಸದು. ನನಗೆ ಕೊಲೆಸ್ಟಿಯಟೋಮ ಇತ್ತು, ಅಂದರೆ ಚರ್ಮದ ಪದರಗಳು ಮಧ್ಯಕಿವಿಯೊಳಗೆ ಚೀಲದಂತೆ ಬೆಳೆದು ಸುತ್ತಲಿನ ಮೂಳೆಯನ್ನು ಕೊರೆಯುತ್ತಿದ್ದವು. ಸ್ರಾವ ಸ್ವಲ್ಪವೇ ಇದ್ದರೂ ಅದಕ್ಕೆ ಕೆಟ್ಟ ವಾಸನೆಯಿತ್ತು. ಸ್ವಲ್ಪವೇ ಎಂದು ಎರಡು ವರ್ಷ ಸುಮ್ಮನಿದ್ದದ್ದು ನನ್ನದೇ ತಪ್ಪು. ಇದು ಮುಖದ ನರಕ್ಕೆ, ಒಳಕಿವಿಗೆ, ಕೆಲವೊಮ್ಮೆ ಮೆದುಳಿನ ಪೊರೆಗೂ ಅಪಾಯ ತರಬಲ್ಲದಾದ್ದರಿಂದ ಸಿ.ಟಿ. ಸ್ಕ್ಯಾನ್ ಮಾಡಿಸಿ, ಕಿವಿಯ ಹಿಂದಿನ ಮ್ಯಾಸ್ಟಾಯ್ಡ್ ಮೂಳೆಯನ್ನು ಕೊರೆದು ರೋಗವನ್ನು ತೆಗೆದರು. ಇಲ್ಲಿ ಮೊದಲ ಗುರಿ ಅಪಾಯವಿಲ್ಲದ, ಒಣಗಿದ ಕಿವಿ, ಕೇಳುವಿಕೆ ಎರಡನೆಯದು. ಮಧ್ಯಕಿವಿಯಲ್ಲಿ ಶಬ್ದವನ್ನು ಸಾಗಿಸುವ, ರೋಗದಿಂದ ಸವೆದಿದ್ದ ಕಿರುಮೂಳೆಯ ಬದಲು ಕೃತಕ ಮೂಳೆಯನ್ನು ಒಂದು ವರ್ಷದ ನಂತರ, ರೋಗ ಉಳಿದಿದೆಯೇ ಎಂದು ಮತ್ತೆ ತೆರೆದು ನೋಡಿದಾಗ ಇಟ್ಟರು. ಈಗಲೂ ವರ್ಷಕ್ಕೆರಡು ಬಾರಿ ಕಿವಿ ಸ್ವಚ್ಛಗೊಳಿಸಿಕೊಳ್ಳಲು ಹೋಗುತ್ತೇನೆ.

ಉತ್ತರ 3
ನನ್ನ ಮಗಳ ತೇಪೆ ಒಮ್ಮೆ ಹಿಡಿಯಲಿಲ್ಲ, ಎರಡನೆಯ ಬಾರಿ ಹಿಡಿಯಿತು. ತೂತು ತಮಟೆಯ ನಡುವಿನಲ್ಲಿದೆಯೋ ಅಂಚಿನಲ್ಲಿದೆಯೋ ಎಂಬುದನ್ನು ಮೊದಲು ಕೇಳಿಕೊಳ್ಳಿ, ಏಕೆಂದರೆ ಅಂಚಿನ ತೂತಿನಲ್ಲಿ ಕೊಲೆಸ್ಟಿಯಟೋಮ ಇರುವ ಸಾಧ್ಯತೆ ಹೆಚ್ಚು; ಮೇಲಿನ ಇಬ್ಬರ ಅನುಭವಗಳು ಇಷ್ಟು ಬೇರೆಯಾಗಿರುವುದು ಬಹುಮಟ್ಟಿಗೆ ಅದರಿಂದಲೇ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದಗಳು. ವೈದ್ಯರ ಚೀಟಿಯನ್ನು ಈಗ ಮತ್ತೆ ಓದಿದೆ. ತೂತು ತಮಟೆಯ ಮೇಲಂಚಿನಲ್ಲಿದೆ ಎಂದು ಬರೆದಿದ್ದಾರೆ. ಸಿ.ಟಿ. ಸ್ಕ್ಯಾನಿನ ಬಗ್ಗೆ ನಾಳೆಯೇ ಕೇಳುತ್ತೇನೆ.